ಕಂಬಳಿಯೂ ಟೆಂಟೂ: ಬಯಲಲ್ಲಿ ಗೆಲ್ಲುವುದು ಯಾವುದು?

ಬೆಟ್ಟ ಹತ್ತಲು, ಕಾಡಿನಲ್ಲಿ ರಾತ್ರಿ ಕಳೆಯಲು ಹೊರಟವರು ಮೊದಲು ನೋಡುವುದು ಅಂಗಡಿಯ ಸಾಮಾನಿನ ಮೇಲಿನ ಚೀಟಿಯನ್ನು. ಸಿರುಗುಪ್ಪ ತಾಲ್ಲೂಕಿನ ರಾರಾವಿ ಕಡೆ, ಹಗರಿ ಎಂದೇ ಕರೆಯುವ ವೇದಾವತಿಯ ಸೀಮೆಯಲ್ಲಿ, ಎರೆಹೊಲಗಳಲ್ಲಿ ಕುರಿ ತರುಬುವವರು ಯಾವ ಚೀಟಿಯನ್ನೂ ನೋಡಿದವರಲ್ಲ. ಹಾಸಲು, ಹೊದೆಯಲು, ಮಳೆ ಬಂದರೆ ಕೊಪ್ಪೆ ಹಾಕಿಕೊಳ್ಳಲು ಅವರಿಗೆ ಒಂದೇ ಕರಿ ಕಂಬಳಿ.

ಉಣ್ಣೆಯ ಎಳೆ ಕೆರಾಟಿನ್ ಎಂಬ ಪ್ರೋಟೀನು. ಅದರ ಹೊರಮೈ ನೀರಿನ ಹನಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಒಳಭಾಗ ಮಾತ್ರ ಗಾಳಿಯ ಆವಿಯನ್ನು ಹೀರುತ್ತದೆ. ತನ್ನ ಒಣತೂಕದ ಶೇ 30ರಷ್ಟು ತೇವ ಹೀರಿದರೂ ಮುಟ್ಟಿದವರಿಗೆ ಒದ್ದೆ ಅನಿಸದು. ಹೀರುವಾಗ ಒಂದಿಷ್ಟು ಶಾಖವೂ ಹೊರಬರುತ್ತದೆ. ಸುರುಳಿ ಎಳೆಗಳು ನೆನೆದರೂ ಪೂರ್ತಿ ಚಪ್ಪಟೆಯಾಗದೆ ನಡುವೆ ಗಾಳಿ ಹಿಡಿದಿಡುತ್ತವೆ. ಬೆಚ್ಚಗಿಡುವುದು ಆ ಗಾಳಿಯೇ. ನೆನೆದ ಹತ್ತಿಬಟ್ಟೆ ಮೈಗಂಟಿಕೊಳ್ಳುತ್ತದೆ, ಗಾಳಿಯ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ಸಾಗಿಸುವುದರಿಂದ ಚಳಿ ಹಿಡಿಯುತ್ತದೆ. ಹುಣಸೆಬೀಜದ ಗಂಜಿ ಹಾಕಿದ ಕಂಬಳಿ ಬಿರುಸಾಗಿರುವುದರಿಂದ ಸಣ್ಣ ಮಳೆ ಜಾರಿ ಹೋಗುತ್ತದೆ. ಒಲೆಯ ಕಿಡಿ ಸಿಡಿದರೆ ಪಾಲಿಯೆಸ್ಟರ್ ಸುಮಾರು 250 ಡಿಗ್ರಿಯಲ್ಲಿ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಕರಗದು, ಕರಕಾಗಿ ಆರುತ್ತದೆ.

ಹಾಗೆಂದು ಕಂಬಳಿಯೇ ಶ್ರೇಷ್ಠ ಎನ್ನಲಾಗದು. ಅದು ಭಾರ, ಜಡಿಮಳೆಯಲ್ಲಿ ನೆನೆದರೆ ಇನ್ನೂ ಭಾರ, ಒಣಗುವುದೂ ನಿಧಾನ. ಪಾಲಿಯೆಸ್ಟರ್ ಎಳೆ ನೀರನ್ನು ಹೀರುವುದು ಇಲ್ಲವೆನ್ನುವಷ್ಟು ಕಡಿಮೆ, ಅದಕ್ಕೇ ಬೇಗ ಒಣಗುತ್ತದೆ. ಪ್ಲಾಸ್ಟಿಕ್ ತಾಡಪಾಲು ಮಳೆ ತಡೆಯುತ್ತದೆ, ಆದರೆ ಬೆವರಿನ ಆವಿಯನ್ನೂ ತಡೆದು ಒಳಗೇ ಹನಿಗಟ್ಟಿಸುತ್ತದೆ. ಕುರಿ ಕಾಯುವವನ ಹತ್ತಿರ ಕಂಬಳಿಯ ಭಾರ ಹೊರಲು ಕತ್ತೆಯೋ ಕುದುರೆಯೋ ಇರಬಹುದು. ಬೆನ್ನ ಮೇಲೆ ಎಲ್ಲವನ್ನೂ ಹೊತ್ತು ಕುಮಾರಪರ್ವತ ಹತ್ತುವವರಿಗೆ ಆ ಲೆಕ್ಕ ಕೂಡಿಬರದು.

ಚೀಟಿಯ ಅಂಕಿಗಳಿಗೂ ಅರ್ಥವಿದೆ. ಟೆಂಟಿನ ಮೇಲೆ 3000 ಮಿ.ಮೀ. ಎಂದಿದ್ದರೆ, ಮೂರು ಮೀಟರ್ ಎತ್ತರದ ನೀರಿನ ಒತ್ತಡದವರೆಗೂ ಆ ಬಟ್ಟೆ ಸೋರಲಿಲ್ಲ ಎಂದು. ಅದು ಬಟ್ಟೆಯ ಮಾತು. ಸೂಜಿ ತೂತು ಬಿದ್ದ ಹೊಲಿಗೆಯದಲ್ಲ. ಸ್ಲೀಪಿಂಗ್ ಬ್ಯಾಗಿನ ಡಿಗ್ರಿಯನ್ನು ಬಿಸಿ ಮಾಡಿದ ಮನುಷ್ಯಾಕಾರದ ಬೊಂಬೆಯನ್ನು ಒಳಗೆ ಮಲಗಿಸಿ, ಕೆಳಗೆ ಚಾಪೆ ಹಾಸಿ ಅಳೆಯುತ್ತಾರೆ. ಚಾಪೆ ಬಿಟ್ಟು ಬರಿನೆಲದ ಮೇಲೆ ಮಲಗಿದರೆ ಆ ಅಂಕಿ ನಿಮ್ಮದಲ್ಲ.

ಪ್ರಯೋಗಾಲಯವಿಲ್ಲದೆಯೂ ಪರೀಕ್ಷೆ ಸಾಧ್ಯ. ಹೊದಿಕೆಯನ್ನು ಒಣಗಿದ್ದಾಗ ತೂಗಿ, ಬಕೆಟ್ಟಿನಲ್ಲಿ ಅದ್ದಿ, ಹಿಂಡಿ ಮತ್ತೆ ತೂಗಿ. ನೆರಳಿನಲ್ಲಿ ಒಣಗಲು ಎಷ್ಟು ಹೊತ್ತು ಬೇಕೆಂದು ಗಮನಿಸಿ. ಟೆಂಟನ್ನು ಅಂಗಳದಲ್ಲಿ ಕಟ್ಟಿ, ಹೊಲಿಗೆಯ ಮೇಲೆ ಕೊಡದಿಂದ ನೀರು ಸುರಿದು ಒಳಗೆ ಕೈಯಾಡಿಸಿ. ಚೀಲಕ್ಕೆ ಪೂರ್ತಿ ಭಾರ ತುಂಬಿ ಊರ ಹೊರಗೆ ಒಂದು ಸುತ್ತು ನಡೆಯಿರಿ. ಒಂದು ರಾತ್ರಿ ಮಾಳಿಗೆಯ ಮೇಲೆ ಮಲಗಿ. ಅಂಗಳದಲ್ಲಿ ಸೋರಿದ ಟೆಂಟನ್ನು ಅಂಗಡಿಗೆ ವಾಪಸ್ ಕೊಡಬಹುದು. ಬೆಟ್ಟದ ಮೇಲೆ ಸೋರಿದರೆ ನೆನೆಯುವುದಷ್ಟೇ ದಾರಿ.