ಹಾಲಿನ ಕೊಳವೆಯ ಬೆಸುಗೆ

ಜಯನಗರದಿಂದ ಪೂರ್ವಕ್ಕೋ ಬಿ.ಟಿ.ಎಂ. ಬಡಾವಣೆಯಿಂದ ಉತ್ತರಕ್ಕೋ ಹೊರಟವರಿಗೆ ಸಿಕ್ಕುವ ಕೂಡುರಸ್ತೆಗೆ ‘ಡೈರಿ ಸರ್ಕಲ್’ ಎಂದು ಹೆಸರು. ಯುನಿಸೆಫ್ ಸಂಸ್ಥೆಯ ನೆರವು ಪಡೆದು ಕಟ್ಟಿದ ಬೆಂಗಳೂರು ಡೈರಿಯನ್ನು 1965ರ ಜನವರಿಯಲ್ಲಿ ಅಂದಿನ ಪ್ರಧಾನಮಂತ್ರಿ ಲಾಲ್ ಬಹಾದೂರ್ ಶಾಸ್ತ್ರಿಯವರು ಉದ್ಘಾಟಿಸಿದರು. ವೃತ್ತಕ್ಕೆ ಹೆಸರು ಬಂದುದು ಆ ಡೈರಿಯಿಂದಲೇ. ಹಾಲಿನಲ್ಲಿ ಜಿಡ್ಡೆಷ್ಟು, ನೀರೆಷ್ಟು ಎಂದು ನಾವೆಲ್ಲರೂ ಕೇಳುತ್ತೇವೆ. ಅದು ಯಾವ ಪಾತ್ರೆಯಲ್ಲಿ ನಿಂತು, ಯಾವ ಕೊಳವೆಯಲ್ಲಿ ಹರಿದು ನಮ್ಮ ಮನೆಯ ಮಗುವಿನ ಲೋಟಕ್ಕೆ ಬಂತೆಂದು ಕೇಳುವವರು ವಿರಳ. ಕನ್ನಡ ಪಾಠ ಹೇಳುವವನಿಗೆ ಉಕ್ಕಿನ ಮಾತೇಕೆ ಎನ್ನಬೇಡಿ. ವಿಷಯ ಕಬ್ಬಿಣದ ಕಡಲೆಯೇನೂ ಅಲ್ಲ.

ಹಾಲು ಮನುಷ್ಯನಿಗೆಷ್ಟು ಹಿತವೋ ಸೂಕ್ಷ್ಮಜೀವಿಗಳಿಗೂ ಅಷ್ಟೇ ಹಿತ. ಆದುದರಿಂದಲೇ ಡೈರಿಗಳಲ್ಲಿ ಅದನ್ನು 72 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ, 15 ಸೆಕೆಂಡು ಹಾಗೆಯೇ ಇರಿಸಿ, ಕೂಡಲೇ ಸುಮಾರು 4 ಡಿಗ್ರಿಗೆ ತಣಿಸುತ್ತಾರೆ. ಇದೇ ಪಾಶ್ಚರೀಕರಣ. ಆದರೆ ಹೀಗೆ ಶುದ್ಧಿಯಾದ ಹಾಲು ಮುಂದಿನ ಕೊಳವೆಯ ಒಂದು ಬಿರುಕಿನಲ್ಲಿ ನಿನ್ನೆಯ ಹಾಲಿನ ಶೇಷವನ್ನು ಸೋಕಿದರೆ, ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತು.

ಹಾಗಾದರೆ ಪಾತ್ರೆ ಯಾವ ಲೋಹದ್ದಿರಬೇಕು? ಕಲಾಯಿ ಹೋದ ಹಿತ್ತಾಳೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬೇಳುವುದನ್ನು ನಮ್ಮ ಅಜ್ಜಿಯರು ಬಲ್ಲರು. ತಾಮ್ರದ ಅಂಶ ತುಸು ಸೇರಿದರೂ ಹಾಲಿನ ಜಿಡ್ಡು ಕೆಟ್ಟು ರುಚಿ ಕೆಡುತ್ತದೆ. ಬರಿಯ ಕಬ್ಬಿಣವಾದರೆ ತುಕ್ಕು. ಆದಕಾರಣ ಡೈರಿಗಳು ಆರಿಸಿಕೊಂಡುದು ಸ್ಟೇನ್‌ಲೆಸ್ ಸ್ಟೀಲನ್ನು. ಅದರಲ್ಲಿ 304 ಎಂಬ ಜಾತಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತವೆ. ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಉಕ್ಕಿನ ಮೈಮೇಲೆ ಒಂದು ಪೊರೆ ಕಟ್ಟುತ್ತದೆ. ಆ ಪೊರೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಗೀರು ಬಿದ್ದರೆ ಪೊರೆ ತಾನಾಗಿಯೇ ಮತ್ತೆ ಬೆಳೆಯುತ್ತದೆ. ಉಕ್ಕಿನ ಮಾನ ಕಾಯುವುದು ಈ ಕಾಣದ ಪೊರೆಯೇ.

ಇಷ್ಟು ಒಳ್ಳೆಯ ಉಕ್ಕಿಗೂ ಒಂದು ಮರ್ಮಸ್ಥಾನವುಂಟು. ಅದೇ ಬೆಸುಗೆ. ತವರದ ಬೆಸುಗೆಯಲ್ಲಿ ಬೇರೊಂದು ಲೋಹ ಕರಗಿ ಅಂಟಿನಂತೆ ಹಿಡಿಯುತ್ತದೆ. ವೆಲ್ಡಿಂಗಿನಲ್ಲಾದರೋ ಉಕ್ಕಿನ ಎರಡು ಅಂಚುಗಳೇ ಕರಗಿ ಒಂದಾಗುತ್ತವೆ. ಆಗ ಬೆಸುಗೆಯ ಪಕ್ಕದ ಪಟ್ಟಿ ಸುಮಾರು 450ರಿಂದ 850 ಡಿಗ್ರಿಯವರೆಗಿನ ಶಾಖದಲ್ಲಿ ಹೆಚ್ಚು ಹೊತ್ತು ನಿಂತರೆ, ಉಕ್ಕಿನೊಳಗಿನ ಇಂಗಾಲವು ಕ್ರೋಮಿಯಮನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಲೋಹದ ಹರಳುಗಳ ಅಂಚಿನಲ್ಲಿ ಕ್ರೋಮಿಯಂ ಬಡವಾಗಿ ಪೊರೆ ದುರ್ಬಲವಾಗುತ್ತದೆ. ಹೊರನೋಟಕ್ಕೆ ಬೆಸುಗೆ ಗಟ್ಟಿಯಾಗಿಯೇ ಇದ್ದೀತು. ಕೆಲವು ಕಾಲದ ಮೇಲೆ ಅದರ ಪಕ್ಕದಲ್ಲೇ ಸವೆತ ತೊಡಗುತ್ತದೆ. ಕೂಡಿಸಿದ ಬೆಂಕಿಯೇ ಕೆಡಿಸಿತು!

ಇದಕ್ಕೆ ಪರಿಹಾರವುಂಟು. ಸಾಮಾನ್ಯ 304 ಉಕ್ಕಿನಲ್ಲಿ ಇಂಗಾಲ ಶೇಕಡಾ 0.08ರವರೆಗೆ ಇರಬಹುದು. ‘304 ಎಲ್’ ಎಂಬುದರಲ್ಲಿ ಅದನ್ನು ಶೇಕಡಾ 0.03ಕ್ಕೆ ಮಿತಿಗೊಳಿಸಿರುತ್ತಾರೆ, ಕದಿಯುವವನೇ ಇಲ್ಲದಿದ್ದರೆ ಕಳವೆಲ್ಲಿ? ಬೆಸೆಯುವಾಗ ಹೊರಗೂ ಕೊಳವೆಯ ಒಳಗೂ ಆರ್ಗಾನ್ ಅನಿಲ ಹಾಯಿಸಿ ಗಾಳಿಯನ್ನು ದೂರವಿಡುತ್ತಾರೆ. ಹಾಗೆ ಮಾಡದಿದ್ದರೆ ಒಳಮೈ ಸಕ್ಕರೆ ಹರಳಿನಂತೆ ಒರಟಾಗಿ, ಹಾಲು ಅಲ್ಲಿ ಮನೆ ಮಾಡುತ್ತದೆ. ಶಾಖದಿಂದ ಬಂದ ನೀಲಿ ಕಂದು ಬಣ್ಣವನ್ನು ಆಮ್ಲದಿಂದ ತೊಳೆಯುವುದೂ ಚೆಲುವಿಗಾಗಿ ಅಲ್ಲ. ಆ ಪೊರೆ ಸರಿಯಾಗಿ ಬೆಳೆಯಲೆಂದು.

ಬೆಸುಗೆಗಾರನ ಕೈಚಳಕವೊಂದೇ ಸಾಲದು. ನಕ್ಷೆ ಬರೆಯುವವನ ವಿವೇಕವೂ ಬೇಕು. ಮೂಲೆಗಳು ದುಂಡಗಿರಬೇಕು. ಕೊಳವೆಗಳಿಗೆ ತುಸು ಇಳಿಜಾರಿರಬೇಕು. ಹರಿವಿಲ್ಲದ ಕುರುಡು ಕವಲುಗಳು ಇರಕೂಡದು. ಹಾಲು ಸೋಕುವ ಮೈಯ ಒರಟುತನ ಮಿಲಿಮೀಟರಿನ ಸಾವಿರದೊಂದು ಪಾಲನ್ನೂ ಮೀರದಂತೆ ನಯಗೊಳಿಸುವುದು ವಾಡಿಕೆ. ಇನ್ನೊಂದು ಮಾತು: ಈ ಉಕ್ಕು ಶಾಖಕ್ಕೆ ಸಾಮಾನ್ಯ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. 10 ಮೀಟರಿನ ಕೊಳವೆ 70 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 12 ಮಿಲಿಮೀಟರು ಬೆಳೆಯುತ್ತದೆ. ಬೆಳೆಯಲು ಎಡೆಯಿಲ್ಲದೆ ಎರಡು ತುದಿಯನ್ನೂ ಬಿಗಿದರೆ ಆ ಒತ್ತಡ ಬೀಳುವುದು ಬೆಸುಗೆಯ ಮೇಲೆಯೇ. ಆದ್ದರಿಂದಲೇ ನಡುನಡುವೆ ಬಾಗು ಕೊಡುತ್ತಾರೆ.

ಈ ಯಂತ್ರಗಳನ್ನು ಕಳಚದೆಯೇ ತೊಳೆಯುತ್ತಾರೆ. ಮೊದಲು ನೀರು, ಬಳಿಕ ಜಿಡ್ಡು ತೆಗೆಯಲು ಬಿಸಿ ಕಾಸ್ಟಿಕ್ ಸೋಡ, ಆಮೇಲೆ ಕಾಯಿಸಿದ ಮೈಗೆ ಕಟ್ಟುವ ‘ಹಾಲುಗಲ್ಲು’ ಕರಗಿಸಲು ನೈಟ್ರಿಕ್ ಆಮ್ಲದ ತೆಳುದ್ರಾವಣ, ಕೊನೆಗೆ ಮತ್ತೆ ನೀರು. ಸ್ಟೇನ್‌ಲೆಸ್ ಸ್ಟೀಲು ಇವೆರಡನ್ನೂ ತಾಳಬಲ್ಲುದು. ತಾಳಲಾರದುದು ಉಪ್ಪಿನಲ್ಲಿರುವ ಕ್ಲೋರೈಡನ್ನು. ಅದು ಪೊರೆಯನ್ನು ಚುಕ್ಕೆಚುಕ್ಕೆಯಾಗಿ ತೂತು ಮಾಡುತ್ತದೆ. ಉಪ್ಪು ಹೆಚ್ಚಿರುವಲ್ಲಿ ಮಾಲಿಬ್ಡಿನಂ ಬೆರೆತ 316 ಜಾತಿಯ ಉಕ್ಕನ್ನು ಬಳಸುವುದು ಇದೇ ಕಾರಣಕ್ಕೆ.

ಗೃಹಿಣಿಯರೂ ಗೃಹಸ್ಥರೂ ಈ ಶಾಸ್ತ್ರವನ್ನು ಅಡಿಗೆಮನೆಯಲ್ಲಿ ಅನ್ವಯಿಸಬಹುದು. ಸ್ಟೀಲಿನ ಪಾತ್ರೆಯಲ್ಲಿ ಉಪ್ಪುನೀರನ್ನಾಗಲಿ ಬ್ಲೀಚಿಂಗ್ ಪುಡಿಯ ನೀರನ್ನಾಗಲಿ ರಾತ್ರಿಯಿಡೀ ಇಡಬೇಡಿ. ತಣ್ಣೀರಿಗೆ ಹರಳುಪ್ಪು ಸುರಿದರೆ ಅದು ತಳದಲ್ಲಿ ಕೂತು ಚುಕ್ಕೆ ಕೊರೆದೀತು. ನೀರು ಕುದಿದ ಮೇಲೆ ಹಾಕಿ ಕಲಕಿರಿ. ಕಬ್ಬಿಣದ ನಾರಿನಿಂದ ಉಜ್ಜಬೇಡಿ. ಉಳಿದ ಚೂರುಗಳು ತುಕ್ಕು ಹಿಡಿದು ಪಾತ್ರೆಗೇ ಕೆಟ್ಟ ಹೆಸರು ತಂದಾವು. ಹಾಲಿನ ಪಾತ್ರೆ ಕೊಳ್ಳುವಾಗ ಹೊಳಪೊಂದನ್ನೇ ನೋಡದೆ, ಕಂಠದ ಮಡಿಕೆಯನ್ನೂ ಹಿಡಿ ಕೂಡಿರುವ ಜಾಗವನ್ನೂ ಬೆರಳಾಡಿಸಿ ನೋಡಿರಿ. ಉಗುರು ಸಿಕ್ಕುವ ಸಂದಿನಲ್ಲಿ ಹಾಲೂ ಸಿಕ್ಕಿಕೊಳ್ಳುತ್ತದೆ.