ಟ್ರಿಗರ್ ಮೀನುಗಳ ಸಹಸಾಕಣೆ

ಟ್ರಿಗರ್ ಮೀನುಗಳ ಸಹಸಾಕಣೆ ಎಂದರೆ ಬ್ಯಾಲಿಸ್ಟಿಡೇ ಕುಟುಂಬಕ್ಕೆ ಸೇರಿದ ಬೇರೆ ಬೇರೆ ಪ್ರಭೇದಗಳ ಮೀನುಗಳನ್ನು ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಒಟ್ಟಿಗೆ ಸಾಕುವುದು. ಉಷ್ಣವಲಯದ ಕಡಲುಗಳಲ್ಲಿ ಈ ಕುಟುಂಬದ ಸುಮಾರು 40 ಪ್ರಭೇದಗಳಿವೆ. ಬಣ್ಣ, ಚುರುಕುತನ ಮತ್ತು ಸಾಕುವವರನ್ನು ಗುರುತಿಸುವಂತೆ ತೋರುವ ನಡವಳಿಕೆಯಿಂದ ಇವು ಹವ್ಯಾಸಿಗಳಿಗೆ ಪ್ರಿಯವಾಗಿವೆ. ಆದರೆ ಇವುಗಳಲ್ಲಿ ಹಲವು ತಮ್ಮ ವಲಯದೊಳಗೆ ಬೇರೊಂದು ಮೀನನ್ನು ಸಹಿಸುವುದಿಲ್ಲ. ಹೊಂದದ ಎರಡು ಪ್ರಭೇದಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಒಂದರ ಸಾವಿನಲ್ಲಿ ಅದು ಮುಗಿಯುವುದು ಅಪರೂಪವಲ್ಲ.

ದೇಹರಚನೆ ಮತ್ತು ಸ್ವಭಾವ

ಬೆನ್ನಿನ ಮೊದಲ ಈಜುರೆಕ್ಕೆಯ ಮುಳ್ಳುಗಳಿಂದ ಈ ಮೀನುಗಳಿಗೆ ಈ ಹೆಸರು ಬಂದಿದೆ. ದಪ್ಪನಾದ ಮೊದಲ ಮುಳ್ಳು ನೆಟ್ಟಗೆ ನಿಂತಾಗ ಎರಡನೆಯ ಮುಳ್ಳು ಅದರ ಹಿಂದೆ ಸಿಕ್ಕಿಕೊಂಡು ಬೀಗದಂತೆ ಹಿಡಿಯುತ್ತದೆ. ಎರಡನೆಯದನ್ನು ಒತ್ತಿದರೆ ಮಾತ್ರ, ಬಂದೂಕಿನ ಕುದುರೆಯನ್ನು ಎಳೆದಂತೆ, ಮೊದಲನೆಯದು ಮಡಚಿಕೊಳ್ಳುತ್ತದೆ. ರಾತ್ರಿ ಅಥವಾ ಅಪಾಯದ ವೇಳೆ ಮೀನು ಬಂಡೆಯ ಸಂದಿಗೆ ಹೊಕ್ಕು ಈ ಮುಳ್ಳಿನಿಂದ ತನ್ನನ್ನು ಬಿಗಿದುಕೊಳ್ಳುತ್ತದೆ. ಎರಡು ಕಣ್ಣುಗಳನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಬಲ್ಲವು. ಬಾಯಿ ಚಿಕ್ಕದಾದರೂ ದವಡೆ ಬಲವಾದುದು. ಏಡಿ, ಚಿಪ್ಪು, ಮೈತುಂಬ ಮುಳ್ಳಿರುವ ಸೀ ಅರ್ಚಿನ್‌ಗಳನ್ನು ಒಡೆದು ತಿನ್ನಲು ಅದು ಹೇಳಿಮಾಡಿಸಿದಂತಿದೆ. ಅದೇ ದವಡೆ ತೊಟ್ಟಿಯೊಳಗೆ ಜೊತೆಯ ಮೀನಿನ ರೆಕ್ಕೆಯನ್ನೂ ವಿದ್ಯುತ್ ತಂತಿಯನ್ನೂ ಕತ್ತರಿಸಬಲ್ಲುದು.

ಪ್ರಭೇದಗಳ ಹೊಂದಾಣಿಕೆ

ಯಾವ ಪ್ರಭೇದ ಯಾವುದರೊಡನೆ ಬಾಳುತ್ತದೆ ಎಂಬುದನ್ನು ಮೀನಿನ ಗಾತ್ರಕ್ಕಿಂತ ಅದು ಕಡಲಿನಲ್ಲಿ ಆಹಾರ ಹುಡುಕುವ ಬಗೆಯಿಂದ ಹೆಚ್ಚು ಖಚಿತವಾಗಿ ಊಹಿಸಬಹುದು. ತೆರೆದ ನೀರಿನಲ್ಲಿ ತೇಲಿಬರುವ ಪ್ಲವಕಗಳನ್ನು ತಿನ್ನುವ ಪ್ರಭೇದಗಳಿಗೆ ಕಾಯ್ದುಕೊಳ್ಳಬೇಕಾದ ನೆಲ ಕಡಿಮೆ. ತಳದ ಬಂಡೆಗಳ ನಡುವೆ ಬೇಟೆಯಾಡುವ ಪ್ರಭೇದಗಳಿಗೆ ನೆಲವೇ ಅನ್ನದ ಮೂಲ. ಅದನ್ನು ಅವು ಕಚ್ಚಿ ಕಾಯುತ್ತವೆ.

ಮೊದಲ ಗುಂಪಿಗೆ ಕೆಂಪು ಹಲ್ಲಿನ ಓಡೋನಸ್ ನೈಗರ್, ಕ್ಸ್ಯಾಂಥಿಕ್ತಿಸ್ ಕುಲದ ಪ್ರಭೇದಗಳು ಸೇರುತ್ತವೆ. ಪ್ಲವಕದ ಜೊತೆಗೆ ಪಾಚಿಯನ್ನೂ ತಿನ್ನುವ ಮೆಲಿಕ್ತಿಸ್ ಕುಲದವನ್ನೂ ಇವುಗಳೊಡನೆ ಎಣಿಸಬಹುದು. ವಿಶಾಲವಾದ ತೊಟ್ಟಿಯಲ್ಲಿ ಈ ಮೂರು ಕುಲಗಳಿಂದ ಒಂದೊಂದು ಮೀನನ್ನು ಕೂಡಿಸುವುದು ಸಹಸಾಕಣೆಯ ಅತ್ಯಂತ ಸುರಕ್ಷಿತ ಮಾರ್ಗ. ಕ್ಸ್ಯಾಂಥಿಕ್ತಿಸ್ ಆರೋಮಾರ್ಜಿನೇಟಸ್‌ನಲ್ಲಿ ಗಂಡಿನ ಗಂಟಲು ನೀಲಿಯಾಗಿದ್ದು ಹೆಣ್ಣಿಗೆ ಆ ಬಣ್ಣವಿಲ್ಲದ ಕಾರಣ ಜೋಡಿಯನ್ನು ಗುರುತಿಸಿ ತರುವುದು ಸುಲಭ. ಒಂದೇ ಪ್ರಭೇದದ ಎರಡು ಮೀನುಗಳನ್ನು ಒಟ್ಟಿಗೆ ಇಡಬಹುದಾದ ಕೆಲವೇ ಸಂದರ್ಭಗಳಲ್ಲಿ ಇದೊಂದು.

ಎರಡನೆಯ ತುದಿಯಲ್ಲಿ ಕಿತ್ತಳೆ ಗೆರೆಗಳ ಬ್ಯಾಲಿಸ್ಟಪಸ್ ಅಂಡ್ಯುಲೇಟಸ್ ಇದೆ. 30 ಸೆಂ.ಮೀ. ಮೀರದ ಈ ಮೀನು ತನಗಿಂತ ದೊಡ್ಡವನ್ನೂ ಅಟ್ಟಾಡಿಸುತ್ತದೆ. ಇದನ್ನು ಒಂಟಿಯಾಗಿಯೇ ಸಾಕುವುದು ಲೇಸು. 75 ಸೆಂ.ಮೀ.ವರೆಗೆ ಬೆಳೆಯುವ ಟೈಟನ್ ಟ್ರಿಗರ್ ಮನೆಯ ತೊಟ್ಟಿಗೆ ಸಲ್ಲುವುದೇ ಇಲ್ಲ. ಕಡಲಿನಲ್ಲಿ ಮೊಟ್ಟೆ ಕಾಯುವಾಗ ಅದು ಮುಳುಗುಗಾರರನ್ನೂ ಕಚ್ಚುತ್ತದೆ. ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿ ಈ ಎರಡೂ ಕಂಡುಬರುತ್ತವೆ.

ಹವ್ಯಾಸಿಗಳನ್ನು ಹೆಚ್ಚು ಮೋಸಗೊಳಿಸುವುದು ಕ್ಲೌನ್ ಟ್ರಿಗರ್. ಕಪ್ಪು ಮೈ, ಹೊಟ್ಟೆಯ ಮೇಲೆ ದೊಡ್ಡ ಬಿಳಿ ಚುಕ್ಕೆ, ಹಳದಿ ಬಾಯಿಯ ಈ ಮೀನು ಅಂಗಡಿಗೆ ಬರುವಾಗ ಬೆರಳುದ್ದವಿರುತ್ತದೆ ಮತ್ತು ಸಾಧುವಾಗಿ ಕಾಣುತ್ತದೆ. 50 ಸೆಂ.ಮೀ.ವರೆಗೆ ಬೆಳೆಯಬಲ್ಲ ಇದು ಒಂದೆರಡು ವರ್ಷ ಜೊತೆಯವುಗಳೊಡನೆ ಬಾಳಿ, ಬಳಿಕ ಒಂದೇ ರಾತ್ರಿಯಲ್ಲಿ ಅವುಗಳ ಮೇಲೆ ಎರಗುವುದುಂಟು. ಪಿಕಾಸೊ ಟ್ರಿಗರ್ ಎಂಬ ರೈನೆಕ್ಯಾಂಥಸ್ ಅಕ್ಯುಲಿಯೇಟಸ್‌ನದು ನಡುವಣ ಸ್ವಭಾವ. ಓಡೋನಸ್ ಅಥವಾ ಮೆಲಿಕ್ತಿಸ್ ಜೊತೆ ಅದು ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆಯಾದರೂ ತನ್ನದೇ ಆಕಾರದ, ಹವಾಯಿಯ ರಾಜ್ಯಮೀನಾದ ರೈನೆಕ್ಯಾಂಥಸ್ ರೆಕ್ಟ್ಯಾಂಗುಲಸ್‌ನೊಡನೆ ಹೋರಾಡುತ್ತದೆ. ಮೈಕಟ್ಟು ಹೋಲುವ ಎರಡು ಪ್ರಭೇದಗಳನ್ನು ಕೂಡಿಸಬಾರದೆಂಬ ನಿಯಮ ಇಡೀ ಕುಟುಂಬಕ್ಕೆ ಅನ್ವಯಿಸುತ್ತದೆ. ಇಷ್ಟಾದರೂ ಒಂದೇ ಪ್ರಭೇದದ ಎರಡು ಮೀನುಗಳ ಸ್ವಭಾವ ಒಂದೇ ಆಗಿರುವುದಿಲ್ಲ.

ಕರ್ನಾಟಕದಲ್ಲಿ

ಸಹಸಾಕಣೆಗೆ ಅತ್ಯುತ್ತಮವೆನಿಸಿದ ಓಡೋನಸ್ ನೈಗರ್ ಕರ್ನಾಟಕದ ಕರಾವಳಿಗೆ ಅಪರಿಚಿತವಲ್ಲ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ‘ಕಾರ್ಗಿಲ್ ಮೀನು’ ಎಂದು ಕರೆಯಲ್ಪಡುವ ಇದು ಟ್ರಾಲ್ ದೋಣಿಗಳ ಬಲೆಗೆ ರಾಶಿಗಟ್ಟಲೆ ಬೀಳುತ್ತದೆ. ಗಟ್ಟಿ ಚರ್ಮದ ಕಾರಣ ಊಟದ ಮೀನಾಗಿ ಬೇಡಿಕೆ ಕಡಿಮೆಯಿದ್ದು, ಬಹುಪಾಲು ಮೀನುಹುಡಿ ಕಾರ್ಖಾನೆ ಸೇರುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಬಿಡಿಯಾಗಿ ಬೆಲೆ ಕಟ್ಟುವ ಮೀನು ಬಂದರಿನಲ್ಲಿ ಟನ್ನಿನ ಲೆಕ್ಕದಲ್ಲಿ ಹೋಗುತ್ತದೆ. ಆದರೆ ಟ್ರಾಲ್ ಬಲೆಯ ಮೀನು ಸಾಕಣೆಗೆ ಒದಗುವುದಿಲ್ಲ. ಆಳದಿಂದ ಮೇಲೆಳೆದಾಗ ಅದರ ಗಾಳಿಚೀಲ ಉಬ್ಬಿ, ರಾಶಿಯ ಭಾರಕ್ಕೆ ಮೈ ಜಜ್ಜಿರುತ್ತದೆ.

ಒಳನಾಡಿನ ಸಾಕಣೆ ಬೇರೆಯೇ ಲೆಕ್ಕ. ಹೊಸಪೇಟೆ, ಪಾಪಿನಾಯಕನಹಳ್ಳಿ, ಸಂಡೂರು, ಕಂಪ್ಲಿಗಳಂತಹ ಊರುಗಳಿಂದ ಕಡಲು ಬಹಳ ದೂರ. ಕಡಲನೀರನ್ನು ಮನೆಯಲ್ಲಿಯೇ ತಯಾರಿಸಬೇಕು. ಆರ್.ಓ. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂ ಉಪ್ಪಿನ ಮಿಶ್ರಣ ಬೆರೆಸಲಾಗುತ್ತದೆ. ಅಡುಗೆ ಉಪ್ಪು ಇದಕ್ಕೆ ಸಲ್ಲದು. ಎರಡು ಮೂರು ಟ್ರಿಗರ್‌ಗಳಿಗೆ ಬೇಕಾಗುವ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಸುಮಾರು 680 ಲೀಟರ್ ಹಿಡಿಯುತ್ತದೆ. ಅದನ್ನು ಮೊದಲ ಬಾರಿ ತುಂಬಲು 24 ಕೆ.ಜಿ., ಐದನೇ ಒಂದು ಪಾಲು ನೀರು ಬದಲಿಸಿದಾಗಲೆಲ್ಲ 5 ಕೆ.ಜಿ.ಯಷ್ಟು ಉಪ್ಪು ಬೇಕು. ಗಾಜು, ಕಲ್ಲು ಸೇರಿ ತೊಟ್ಟಿಯ ತೂಕ ಒಂದು ಟನ್ನಿನ ಆಸುಪಾಸಿಗೆ ಬರುವುದರಿಂದ ಮಹಡಿಗಿಂತ ನೆಲಮನೆ ಉಚಿತ.

ಈ ಭಾಗದ ಬೇಸಿಗೆಯಲ್ಲಿ ಹೊರಗಿನ ತಾಪ 40 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ತೊಟ್ಟಿಯ ನೀರು 24ರಿಂದ 27 ಡಿಗ್ರಿಯಲ್ಲಿರಬೇಕು. ಹೀಗಾಗಿ ಹೀಟರ್‌ಗಿಂತ ಚಿಲ್ಲರ್ ಮುಖ್ಯ. ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ, ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಇರಲೇಬೇಕು. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಇಳಿದ ಮಟ್ಟವನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಗಣಿಪ್ರದೇಶದ ಧೂಳು ಬೀಳದಂತೆ ಹಾಕುವ ಮುಚ್ಚಳ ಮೀನು ಹೊರಗೆ ನೆಗೆಯದಂತೆಯೂ ತಡೆಯುತ್ತದೆ.

ಬಿಡುವ ಕ್ರಮ ಮತ್ತು ಆಹಾರ

ಹೊಸ ತೊಟ್ಟಿಯಲ್ಲಿ ಅಮೋನಿಯವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದಕ್ಕೆ ಮೊದಲು ಮೀನು ಬಿಡುವಂತಿಲ್ಲ. ಆಮೇಲೆ ಅತ್ಯಂತ ಸಾಧುವಾದ ಪ್ರಭೇದ ಮೊದಲು, ಒರಟಾದದ್ದು ಕೊನೆಗೆ, ಆದಷ್ಟು ಚಿಕ್ಕ ವಯಸ್ಸಿನಲ್ಲಿ ಪ್ರವೇಶಿಸಬೇಕು. ಮೊದಲೇ ನೆಲೆಯೂರಿದ ಪಿಕಾಸೊ ಇರುವಲ್ಲಿಗೆ ಹೊಸದನ್ನು ತರುವುದಾದರೆ ಬಂಡೆಗಳ ಜೋಡಣೆಯನ್ನು ಬದಲಿಸಿ ಹಳೆಯ ಗಡಿಗಳನ್ನು ಅಳಿಸುವುದು ಮತ್ತು ರಂಧ್ರಗಳಿರುವ ಹಲಗೆಯ ಆಚೆ ಹೊಸ ಮೀನನ್ನು ಒಂದು ವಾರ ಇರಿಸುವುದು ರೂಢಿ. ಮೀನುಗಳ ಸಂಖ್ಯೆಗಿಂತ ಹೆಚ್ಚು ಸಂದಿಗಳಿರಬೇಕು. ಮಲಗುವ ಜಾಗಕ್ಕಾಗಿ ಸಂಜೆ ಹೊತ್ತು ಜಗಳ ಹೆಚ್ಚು.

ಸೀಗಡಿ, ಬೊಂಡಾಸ್, ಮರುವಾಯಿ ಮುಖ್ಯ ಆಹಾರ. ಚಿಪ್ಪು ಸಮೇತ ಕೊಟ್ಟರೆ ಸದಾ ಬೆಳೆಯುವ ಹಲ್ಲು ಸವೆಯುತ್ತದೆ. ದಿನಕ್ಕೊಮ್ಮೆ ರಾಶಿ ಹಾಕುವುದಕ್ಕಿಂತ ಎರಡು ಮೂರು ಬಾರಿ, ತೊಟ್ಟಿಯ ಎರಡು ತುದಿಗಳಲ್ಲಿ ಹಾಕಿದರೆ ಪೈಪೋಟಿ ತಗ್ಗುತ್ತದೆ.

ಜಗಳದ ಲಕ್ಷಣಗಳು

ಹರಿದ ರೆಕ್ಕೆ ಕಾಣುವ ವೇಳೆಗೆ ಸಮಯ ಮೀರಿರುತ್ತದೆ. ಮೊದಲ ಸುಳಿವು ಆಹಾರದ ಹೊತ್ತಿನಲ್ಲಿ ಒಂದು ಮೀನು ಮುಂದೆ ಬಾರದಿರುವುದು; ನಂತರ ಅದು ನೀರಿನ ಮೇಲ್ಭಾಗದ ಮೂಲೆಯಲ್ಲಿಯೇ ನಿಲ್ಲತೊಡಗುತ್ತದೆ. ಆಗ ತೆಗೆಯಬೇಕಾದುದು ಕಾಡುವ ಮೀನನ್ನು. ಕೆಲವು ದಿನ ಬೇರೆಡೆ ಇದ್ದು ಮರಳಿದಾಗ ಅದಕ್ಕೆ ಹಿಂದಿನ ಹಿಡಿತ ಉಳಿದಿರುವುದಿಲ್ಲ. ಗಾಯಗೊಂಡದ್ದಕ್ಕೂ ಚಿಕಿತ್ಸೆಗೆ ಬೇರೆ ತೊಟ್ಟಿ ಬೇಕಾಗುತ್ತದೆ. ಆದ್ದರಿಂದ ಬಿಡಿ ತೊಟ್ಟಿಯಿಲ್ಲದೆ ಸಹಸಾಕಣೆಗೆ ಕೈಹಾಕುವುದು, ಅದರಲ್ಲಿಯೂ ಮೀನನ್ನು ಹಿಂದಕ್ಕೆ ಕೊಡಲು ಅಂಗಡಿ ಹತ್ತಿರವಿಲ್ಲದ ಊರಿನಲ್ಲಿ, ವಿವೇಕವಲ್ಲ. ಬೇಡವಾದ ಮೀನನ್ನು ತುಂಗಭದ್ರೆಯ ಕಾಲುವೆಗೆ ಬಿಟ್ಟರೆ ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ.

ಹಿಡಿಯುವಾಗ ಬಲೆ ಬಳಸಿದರೆ ಬೆನ್ನಮುಳ್ಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ಓಡಿಸಿ ನೀರು ಸಹಿತ ಎತ್ತುವುದು ಸುರಕ್ಷಿತ. ಸಂದಿಯಲ್ಲಿ ಬಿಗಿದುಕೊಂಡ ಮೀನನ್ನು ಎಳೆಯದೆ, ಕಲ್ಲನ್ನೇ ನೀರೊಳಗೆ ಡಬ್ಬಿಗೆ ಇಳಿಸಿ, ಅದು ತಾನಾಗಿ ಮುಳ್ಳು ಮಡಚುವವರೆಗೆ ಬಿಡಲಾಗುತ್ತದೆ.