ಮಡತ್ತುಕುಳದಲ್ಲೊಂದು ಹರಟೆ

ಪಳನಿಯಿಂದ ಉಡುಮಲೈಗೆ ಮರಳುವ ದಾರಿಯಲ್ಲಿ ಮಡತ್ತುಕುಳಂ ಸಿಗುತ್ತದೆ. ಅಮರಾವತಿ ಹೊಳೆಯ ಸೀಮೆ, ಸುತ್ತ ಕಬ್ಬು, ತೆಂಗು. ನಾವು ಗೆಳೆಯರು ಅಲ್ಲಿ ಕಬ್ಬಿನ ಹಾಲು ಕುಡಿಯುತ್ತ ಕುಳಿತಾಗ ಮಾತು ವೈನಿನ ಕಡೆ ತಿರುಗಿತು. ಒಬ್ಬರಿಗೆ ನಂದಿಬೆಟ್ಟದ ತಪ್ಪಲಿನ ವೈನು ನೆನಪಾದರೆ, ಇನ್ನೊಬ್ಬರಿಗೆ ಮಂಗಳೂರಿನಲ್ಲಿ ಕ್ರಿಸ್ಮಸ್ಸಿಗೆ ಸವಿದ ಮನೆಯ ದ್ರಾಕ್ಷಾರಸ. ಮತ್ತೊಬ್ಬರು ಗೋವೆಯ ಫೆನಿಯನ್ನೇ ಹಿಡಿದು ಕುಳಿತರು. "ನಮ್ಮೂರ ಕಳ್ಳಿನ ಮುಂದೆ ಅವೆಲ್ಲ ಏನು!" ಎಂದವರೂ ಇದ್ದರು. ಆದರೆ ತಮಿಳುನಾಡಿನಲ್ಲಿ ಕಳ್ಳಿಗೆ 1987ರಿಂದ ನಿಷೇಧ. ಮಡಕೆಗೆ ಸುಣ್ಣ ಸವರಿ ಇಳಿಸಿದ, ಹುಳಿಯದ ಪದನೀರಷ್ಟೇ ಸಲ್ಲುವುದು.

ಹರಟೆ ಕೇಳುತ್ತಿದ್ದ ವೃದ್ಧರೊಬ್ಬರು, "ನೀವು ಯಾವೂರೋರು?" ಎಂದು ಕನ್ನಡದಲ್ಲೇ ಕೇಳಿದರು! ನೇಕಾರಿಕೆಯ ದೇವಾಂಗ ಮನೆತನ. ತಲೆಮಾರುಗಳಿಂದ ಮನೆಮಾತು ಕನ್ನಡ, ಓದುಬರಹವೆಲ್ಲ ತಮಿಳು. ಕನ್ನಡದ ಒಂದಕ್ಷರವೂ ಬಾರದು. ಮೊಮ್ಮಕ್ಕಳೂ ಮನೆಯಲ್ಲಿ ಕನ್ನಡವನ್ನೇ ಆಡುತ್ತಾರಂತೆ.

ನಮ್ಮ ವೈನಿನ ಸುದ್ದಿ ಅಲ್ಲಿಗೇ ನಿಂತಿತು. ಶಾಲೆಯಿಲ್ಲದೆಯೂ ಅವರು ಭಾಷೆಯನ್ನು ಉಳಿಸಿಕೊಂಡರು. ಕನ್ನಡ ಶಾಲೆ, ಕನ್ನಡ ಪತ್ರಿಕೆ ಎರಡೂ ಇರುವ ಕಾಸರಗೋಡಿನ ನಾವು ನಮ್ಮ ಮಕ್ಕಳನ್ನು ಯಾವ ಶಾಲೆಗೆ ಕಳುಹಿಸುತ್ತಿದ್ದೇವೆ? ಊರು ಸೇರುವವರೆಗೂ ನಮ್ಮಲ್ಲಿ ಯಾರೂ ಇದಕ್ಕೆ ಉತ್ತರ ಹೇಳಲಿಲ್ಲ.